ದಾಂಪತ್ಯದ ಸುಖವನ್ನು ಅಳೆಯಲು ಹೊರಟವರು

1928ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಒಂದು ದೊಡ್ಡ ಲೆಕ್ಕ ಮುಗಿಸಿದರು. ಇಲಿನಾಯ್ ರಾಜ್ಯದ ಜೈಲುಗಳಿಂದ ಪೆರೋಲ್ ಮೇಲೆ ಹೊರಬಂದ 3,000 ಕೈದಿಗಳ ಕಡತಗಳನ್ನು ಅವರು ತೆರೆದು ನೋಡಿದ್ದರು. ಯಾರು ಷರತ್ತು ಮುರಿದರು, ಯಾರು ಹೊರಗೆ ನೆಟ್ಟಗೆ ಬಾಳಿದರು ಎಂದು ವಿಂಗಡಿಸಿ, ಈ ಎರಡು ಗುಂಪುಗಳನ್ನು ಬೇರ್ಪಡಿಸುವ 21 ಅಂಶಗಳನ್ನು ಪಟ್ಟಿ ಮಾಡಿದ್ದರು. ಪರವಾಗಿರುವ ಒಂದೊಂದು ಅಂಶಕ್ಕೂ ಒಂದೊಂದು ಅಂಕ. ಅಂಕ ಕೂಡಿಸಿದರೆ ಆ ಮನುಷ್ಯ ಮುಂದೆ ಹೇಗಿರಬಹುದು ಎಂಬ ಅಂದಾಜು ಕೈಗೆ ಬರುತ್ತಿತ್ತು. ಆಮೇಲೆ ಕೆಲವೇ ವರ್ಷಗಳಲ್ಲಿ ಬರ್ಜೆಸ್ ಇದೇ ಅಂಕಪಟ್ಟಿಯ ವಿಧಾನವನ್ನು ಮದುವೆಯ ಕಡೆಗೆ ತಿರುಗಿಸಿದರು.

ಅವರು ಲಿಯೊನಾರ್ಡ್ ಕಾಟ್ರೆಲ್ ಜೊತೆಗೂಡಿ ಇಲಿನಾಯ್‌ನ 526 ದಂಪತಿಗಳಿಂದ ಉತ್ತರ ಪಡೆದರು. ದುಡ್ಡಿನ ವಿಚಾರದಲ್ಲಿ ಒಮ್ಮತವಿದೆಯೇ, ಅತ್ತೆ ಮಾವಂದಿರ ವಿಚಾರದಲ್ಲಿ ಹೇಗೆ, ಬಿಡುವಿನ ಹೊತ್ತು ಜೊತೆಯಲ್ಲೇ ಕಳೆಯುತ್ತೀರಾ, ಮನಸ್ಸಿನ ಮಾತು ಹೇಳಿಕೊಳ್ಳುತ್ತೀರಾ ಎಂಬಂಥ ಪ್ರಶ್ನೆಗಳು. ಒಟ್ಟಾರೆ ಮದುವೆ ಹೇಗಿದೆ ಎಂಬುದಕ್ಕೆ ‘ತುಂಬಾ ಸುಖ’ದಿಂದ ‘ತುಂಬಾ ಅಸುಖ’ದವರೆಗೆ ಐದು ಮೆಟ್ಟಿಲು. 1939ರಲ್ಲಿ ಈ ಅಧ್ಯಯನ ಪುಸ್ತಕವಾಯಿತು. ಬರ್ಜೆಸ್ ಸ್ವತಃ ಮದುವೆಯಾಗಲೇ ಇಲ್ಲ, ಆದರೂ ವೃತ್ತಿಜೀವನದ ಬಹುಭಾಗವನ್ನು ಇತರರ ಮದುವೆಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಕೊಟ್ಟರು. ಆ ಪುಸ್ತಕ ಮುಟ್ಟಿದ ತೀರ್ಮಾನಗಳಲ್ಲಿ ಒಂದನ್ನು ಇವತ್ತಿಗೂ ಮರೆಯುವಂತಿಲ್ಲ: ಮದುವೆಯಲ್ಲಿ ಹೊಂದಿಕೊಂಡು ಹೋಗುವ ಕೆಲಸದ ದೊಡ್ಡ ಪಾಲು ಹೆಂಡತಿಯದೇ.

ಇಂಥ ಅಧ್ಯಯನ ಹುಟ್ಟಿದ ಕಾಲವನ್ನೂ ನೋಡಬೇಕು. ಅಮೆರಿಕದಲ್ಲಿ ವಿಚ್ಛೇದನ ಏರುತ್ತಿತ್ತು. ಹಳ್ಳಿಯ ಕುಟುಂಬ ಬಿಟ್ಟು ನಗರಕ್ಕೆ ಬಂದ ಯುವಕ ಯುವತಿಯರು ತಮ್ಮ ಸಂಗಾತಿಯನ್ನು ತಾವೇ ಹುಡುಕಿಕೊಳ್ಳುತ್ತಿದ್ದರು. ಹಿರಿಯರು ನೋಡಿ ಒಪ್ಪುವ ಪದ್ಧತಿ ಸಡಿಲವಾದಂತೆ, ಒಪ್ಪಿಗೆಯ ಆಧಾರ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಬೇಕಾದರು. 1927ರಲ್ಲಿ ಅರ್ನೆಸ್ಟ್ ಗ್ರೋವ್ಸ್ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಮದುವೆಯ ಬಗ್ಗೆಯೇ ಒಂದು ಪಾಠಕ್ರಮ ಆರಂಭಿಸಿದರು. 1929ರಲ್ಲಿ ಕ್ಯಾಥರೀನ್ ಬೆಮೆಂಟ್ ಡೇವಿಸ್ 2,200 ಮಹಿಳೆಯರ ಖಾಸಗಿ ಬದುಕಿನ ಬಗ್ಗೆ ಪುಸ್ತಕ ತಂದರು. ಡೇವಿಸ್ ಜೈಲು ಆಡಳಿತದಿಂದ ಬಂದವರು, ಮಹಿಳೆಯರ ಸುಧಾರಣಾ ಗೃಹವನ್ನು ನಡೆಸಿದ್ದವರು. ಅದೇ ವರ್ಷ ನ್ಯೂಯಾರ್ಕಿನ ಮನೋವೈದ್ಯ ಗಿಲ್ಬರ್ಟ್ ಹ್ಯಾಮಿಲ್ಟನ್ ನೂರು ಗಂಡಸರು, ನೂರು ಹೆಂಗಸರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳ ಫಲ ಹೊರಬಂತು. ತನ್ನ ದನಿಯ ಏರಿಳಿತದಿಂದ ಉತ್ತರ ಬದಲಾಗಬಾರದೆಂದು ಅವರು ಪ್ರಶ್ನೆಗಳನ್ನು ಕಾರ್ಡಿನ ಮೇಲೆ ಬರೆದು ಕೈಗೆ ಕೊಡುತ್ತಿದ್ದರು.

ಈ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಲೂಯಿಸ್ ಟರ್ಮನ್. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞ ಕನ್ನಡನಾಡಿಗೂ ಅಪರಿಚಿತರಲ್ಲ. ಅವರು 1916ರಲ್ಲಿ ಪರಿಷ್ಕರಿಸಿದ ಬಿನೆ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಾಗುತ್ತ ಬಂದಿದೆ. ಬುದ್ಧಿಯನ್ನು ಅಂಕಿಗೆ ಇಳಿಸಿದ ಟರ್ಮನ್ ಸುಖವನ್ನೂ ಅಂಕಿಗೆ ಇಳಿಸಬಹುದೆಂದು ನಂಬಿದರು. 792 ದಂಪತಿಗಳನ್ನು ಆರಿಸಿಕೊಂಡರು. ಹೆಚ್ಚಿನವರು ಕ್ಯಾಲಿಫೋರ್ನಿಯಾದ ನಗರವಾಸಿಗಳು, ಅನುಕೂಲಸ್ಥರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕೂತು, ಒಬ್ಬರನ್ನೊಬ್ಬರು ಕೇಳದೆ ಪ್ರಶ್ನಾವಳಿ ತುಂಬಬೇಕು. ಹೆಸರು ಬರೆಯುವಂತಿಲ್ಲ.

1938ರಲ್ಲಿ ಬಂದ ಟರ್ಮನ್ನರ ಪುಸ್ತಕ ಆ ಕಾಲದ ಒಂದು ಗಟ್ಟಿ ನಂಬಿಕೆಯನ್ನು ಅಲ್ಲಾಡಿಸಿತು. ಸಂಸಾರ ಕೆಡುವುದಕ್ಕೆ ಹಾಸಿಗೆಯ ವಿಚಾರವೇ ಮೂಲ ಎಂದು ಆಗಿನ ಸಲಹೆಗಾರರು ಬರೆಯುತ್ತಿದ್ದರು. ಅದರ ಪಾತ್ರವಿದೆ, ಆದರೆ ಅದಕ್ಕಿಂತ ಮೊದಲು ಸ್ವಭಾವ ಬರುತ್ತದೆ ಎಂದರು ಟರ್ಮನ್. ಕೆಲವರು ಸುಖಕ್ಕೆ ಒಗ್ಗುವ ಮನಸ್ಸನ್ನು ಹೊತ್ತುಕೊಂಡೇ ಮದುವೆಗೆ ಬರುತ್ತಾರೆ, ಕೆಲವರು ಕೊರಗುವ ಮನಸ್ಸನ್ನು. ತಂದೆ ತಾಯಿಯ ದಾಂಪತ್ಯ ಚೆನ್ನಾಗಿದ್ದುದು, ಬಾಲ್ಯ ಸುಖವಾಗಿದ್ದುದು, ಮನೆಯಲ್ಲಿ ಶಿಸ್ತಿದ್ದರೂ ಕಠೋರ ಶಿಕ್ಷೆ ಇಲ್ಲದಿದ್ದುದು ಅವರ ಲೆಕ್ಕದಲ್ಲಿ ಮುಖ್ಯ ಸ್ಥಾನ ಪಡೆದವು. ದೂರುಗಳ ಪಟ್ಟಿಯೂ ಇತ್ತು: ಗಂಡಂದಿರ ದೊಡ್ಡ ದೂರು ಹೆಂಡತಿಯ ಗೊಣಗಾಟ, ಹೆಂಡತಿಯರ ದೊಡ್ಡ ದೂರು ಗಂಡನ ಸ್ವಾರ್ಥ.

ಸುಖಿ ಗೃಹಿಣಿಯ ಲಕ್ಷಣಗಳನ್ನು ಟರ್ಮನ್ ವಿವರಿಸುವ ಭಾಗ ಈ ಇಡೀ ಇತಿಹಾಸದ ಒಂದು ಮುಖ್ಯ ತಿರುವು. ಅವರ ಪ್ರಕಾರ ಅಂಥವಳು ಬೇರೆಯವರನ್ನು ಒಳ್ಳೆಯ ಮನಸ್ಸಿನಿಂದ ಕಾಣುತ್ತಾಳೆ, ಅವರೂ ತನ್ನನ್ನು ಹಾಗೆಯೇ ಕಾಣುತ್ತಾರೆಂದು ಎದುರುನೋಡುತ್ತಾಳೆ. ಸಣ್ಣ ಮಾತಿಗೆ ನೊಂದುಕೊಳ್ಳುವುದಿಲ್ಲ. ಜನ ತನ್ನ ಬಗ್ಗೆ ಏನೆಂದುಕೊಂಡಾರು ಎಂಬ ಚಿಂತೆ ಅವಳನ್ನು ತಿನ್ನುವುದಿಲ್ಲ. ಇಷ್ಟರ ಜೊತೆಗೆ, ಎರಡನೆಯ ಸ್ಥಾನ ಕೊಟ್ಟರೆ ಅವಳಿಗೆ ಬೇಸರವಿಲ್ಲ, ಬುದ್ಧಿ ಹೇಳಿದರೆ ಸಿಟ್ಟಿಲ್ಲ ಎಂದೂ ಸೇರಿಸಿದರು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗಿವೆ. ‘ಇತರರು ನನ್ನನ್ನು ಪ್ರೀತಿಯಿಂದಲೇ ಕಾಣುತ್ತಾರೆ’ ಎಂಬ ಭರವಸೆ ಒಂದು, ತಲೆತಗ್ಗಿಸಿ ನಡೆಯುವ ಒಪ್ಪಿಗೆ ಇನ್ನೊಂದು. ಮೊದಲನೆಯದು ಆತ್ಮಗೌರವದಿಂದ ಬರುತ್ತದೆ, ಎರಡನೆಯದು ಅದು ಇಲ್ಲದ ಕಡೆಯೂ ಇರಬಹುದು. ಈ ಎರಡನ್ನು ಬಿಡಿಸಿ ನೋಡುವುದಕ್ಕೆ ಮುಂದಿನ ಸಂಶೋಧಕರಿಗೆ ಅರ್ಧ ಶತಮಾನವೇ ಹಿಡಿಯಿತು. ಅಷ್ಟರೊಳಗೆ ತಲೆತಗ್ಗಿಸುವ ಪಾಠವೇ ಮನೆಮನೆಗೆ ತಲುಪಿತ್ತು.

ತಲುಪಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಪಾಲ್ ಪೊಪೆನೊ. 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರು ಕುಟುಂಬ ಸಲಹಾ ಸಂಸ್ಥೆಯೊಂದನ್ನು ತೆರೆದರು. ಪೊಪೆನೊ ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ‘ಉತ್ತಮ ತಳಿ’ಯ ಮನುಷ್ಯರನ್ನು ಬೆಳೆಸಬೇಕೆನ್ನುವ ಸುಸಂತಾನ ವಾದದ ಪ್ರಚಾರಕರು. ‘ಅಯೋಗ್ಯ’ರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುವುದನ್ನು ಬೆಂಬಲಿಸಿ ಪುಸ್ತಕ ಬರೆದವರು. ಆ ವಾದವನ್ನು ಹರಡುತ್ತಿದ್ದ ಪ್ಯಾಸಡೀನಾದ ಪ್ರತಿಷ್ಠಾನಕ್ಕೆ ಟರ್ಮನ್ ಕೂಡ ಸದಸ್ಯರಾಗಿದ್ದರು. ದಾಂಪತ್ಯ ಸಮಾಲೋಚನೆಯ ಬೇರಿನಲ್ಲಿ ಈ ಕಹಿಯಿದೆ, ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. 1953ರಿಂದ ಒಂದು ಪ್ರಸಿದ್ಧ ಮಹಿಳಾ ಮಾಸಿಕದಲ್ಲಿ ಪೊಪೆನೊ ಸಂಸ್ಥೆಯ ಪ್ರಕರಣಗಳು ಅಂಕಣವಾಗಿ ಬಂದವು. ಮೊದಲು ಹೆಂಡತಿಯ ಮಾತು, ನಂತರ ಗಂಡನ ಮಾತು, ಕೊನೆಯಲ್ಲಿ ಸಲಹೆಗಾರರ ಮಾತು. ಹೆಚ್ಚಿನ ಕಂತುಗಳಲ್ಲಿ ಬದಲಾಗಬೇಕಾದವಳು ಹೆಂಡತಿಯೇ. ಸಂಸ್ಥೆಗೆ ಬಂದವರಿಗೆ ಸ್ವಭಾವ ಪರೀಕ್ಷೆಯ ಪ್ರಶ್ನಾವಳಿಯನ್ನೂ ಕೊಡಲಾಗುತ್ತಿತ್ತು. ಅಳತೆಗೋಲು ವಿಜ್ಞಾನದ್ದು, ಅದನ್ನು ಹಿಡಿದ ಕೈ ಮಾತ್ರ ಆ ಕಾಲದ ಗಂಡಸಿನದು.

ಇತ್ತ 1930ರ ದಶಕದಲ್ಲೇ ದೇಶದ ಇನ್ನೊಂದು ತುದಿಯ ಕನೆಕ್ಟಿಕಟ್‌ನಲ್ಲಿ ಲೊವೆಲ್ ಕೆಲಿ ಎಂಬ ಮೂವತ್ತರ ಪ್ರಾಧ್ಯಾಪಕರು ಸದ್ದಿಲ್ಲದೆ ಒಂದು ಕೆಲಸ ಶುರುಮಾಡಿದರು. ಟರ್ಮನ್ನರೂ ಬರ್ಜೆಸ್ಸರೂ ಮೊದಲು ನೋಡಿದ್ದು ಮದುವೆಯಾದವರನ್ನು. ಅದರಲ್ಲೊಂದು ತೊಡಕಿದೆ. ಸಿಡುಕುವ ಹೆಂಡತಿ ಸಿಡುಕುವುದು ಅವಳ ಸ್ವಭಾವದಿಂದಲೋ, ಹತ್ತು ವರ್ಷದ ಕೆಟ್ಟ ಸಂಸಾರದಿಂದಲೋ? ಮದುವೆಯಾದ ಮೇಲೆ ಕೇಳಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಲಿ 1935ರಿಂದ 1938ರ ನಡುವೆ ನಿಶ್ಚಿತಾರ್ಥವಾಗಿ ಮದುವೆ ಇನ್ನೂ ಆಗದಿದ್ದ 300 ಜೋಡಿಗಳನ್ನು ಹಿಡಿದರು. ಹುಡುಗ ಹುಡುಗಿಯ ಮಾತನ್ನಷ್ಟೇ ನಂಬಲಿಲ್ಲ. ಒಬ್ಬೊಬ್ಬರಿಗೂ ಐದು ಜನ ಪರಿಚಿತರಿಂದ 36 ಗುಣಗಳ ಮೇಲೆ ಅಂಕ ಹಾಕಿಸಿದರು. ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಊರಿನಲ್ಲಿ, ಆಫೀಸಿನಲ್ಲಿ, ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿ ಬರುತ್ತಾರಲ್ಲ, ಹಾಗೆ. ಆದರೆ ಇಲ್ಲಿ ವಿಚಾರಿಸಿದ ಮಾತೆಲ್ಲ ಕಾಗದದ ಮೇಲೆ ಅಂಕಿಯಾಗಿ ಉಳಿಯಿತು, ನಂಟಸ್ತಿಕೆ ಕೂಡಿಸುವುದಕ್ಕಾಗಲಿ ಮುರಿಯುವುದಕ್ಕಾಗಲಿ ಅದನ್ನು ಬಳಸಲಿಲ್ಲ.

ಆಮೇಲೆ ಕಾದರು. 22 ಜೋಡಿಗಳ ನಿಶ್ಚಿತಾರ್ಥ ಮುರಿದುಬಿತ್ತು, 278 ಜೋಡಿಗಳು ಮದುವೆಯಾದವು. ಯುದ್ಧ ಬಂತು, ಹೋಯಿತು. 1954–55ರಲ್ಲಿ ಕೆಲಿ ಮತ್ತೆ ಅವರನ್ನು ಹುಡುಕಿಸಿದರು. ಅಷ್ಟರಲ್ಲಿ ಅವರು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು, ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರೂ ಆಗಿದ್ದರು. ತಮ್ಮ ಅಧ್ಯಕ್ಷ ಭಾಷಣಕ್ಕೆ ಈ ದಂಪತಿಗಳನ್ನೇ ವಿಷಯ ಮಾಡಿಕೊಂಡರು. ಹದಿನೆಂಟು ವರ್ಷ ಜೊತೆಗೆ ಬಾಳಿದರೂ ಗಂಡ ಹೆಂಡತಿ ಸ್ವಭಾವದಲ್ಲಿ ಒಬ್ಬರಂತೆ ಒಬ್ಬರು ಆಗಿರಲಿಲ್ಲ. ಬೇರೆಲ್ಲ ಗುಣಗಳಿಗಿಂತ ಹೆಚ್ಚು ಬದಲಾಗಿದ್ದದ್ದು ಮದುವೆಯ ಬಗೆಗಿನ ಅವರ ಅಭಿಪ್ರಾಯ.

ಮೂರನೆಯ ಸುತ್ತು 1980–81ರಲ್ಲಿ ನಡೆಯಿತು. ಜೋಡಿಗಳಿಗೆ ಆಗ ಎಪ್ಪತ್ತರ ಆಸುಪಾಸು. ಒಟ್ಟು 50 ಜೋಡಿಗಳು ವಿಚ್ಛೇದನ ಪಡೆದಿದ್ದವು. ಕೆಲಿ ಮತ್ತು ಜೇಮ್ಸ್ ಕಾನ್ಲಿ ಹೆಸರಿನಲ್ಲಿ 1987ರಲ್ಲಿ ಪ್ರಕಟವಾದ ಲೇಖನ ಈ ನಲವತ್ತೈದು ವರ್ಷಗಳ ಸಾರ. ಅಷ್ಟು ಹೊತ್ತಿಗೆ ಕೆಲಿ ತೀರಿಕೊಂಡಿದ್ದರು.

ಲೇಖನ ಹೇಳಿದ್ದು ಇಷ್ಟು. ಮದುವೆಗೆ ಮೊದಲೇ ಪರಿಚಿತರ ಕಣ್ಣಿಗೆ ಕಂಡ ಮೂರು ಗುಣಗಳು ಎಲ್ಲಕ್ಕಿಂತ ಚೆನ್ನಾಗಿ ಮುಂದಿನದನ್ನು ಸೂಚಿಸಿದ್ದವು: ಗಂಡನ ಮನಸ್ಸಿನ ತಳಮಳ, ಹೆಂಡತಿಯ ಮನಸ್ಸಿನ ತಳಮಳ, ಗಂಡನ ದುಡುಕು. ತಳಮಳ ಎಂದರೆ ಸಣ್ಣದಕ್ಕೆ ಕಂಗೆಡುವುದು, ಅಳುಕುವುದು, ಸಿಡುಕುವುದು, ಆದದ್ದನ್ನೇ ಮನಸ್ಸಿನಲ್ಲಿ ತಿರುವುತ್ತ ಕೂರುವುದು. ಮನಶ್ಶಾಸ್ತ್ರದವರು ಇದನ್ನು ನ್ಯೂರಾಟಿಸಿಸಮ್ ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ಇದಿದ್ದರೆ ಸಂಸಾರದಲ್ಲಿ ಕಸಿವಿಸಿ ಹುಟ್ಟುತ್ತದೆ. ಅದರ ಜೊತೆಗೆ ಗಂಡ ದುಡುಕಿನವನಾಗಿದ್ದರೆ ಮದುವೆ ಮುರಿಯುವ ಕಡೆ ವಾಲುತ್ತದೆ. ಗಂಡ ತನ್ನನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವವನಾಗಿದ್ದರೆ ಮದುವೆ ಉಳಿಯುತ್ತದೆ, ಆದರೆ ಸುಖವಿಲ್ಲದೆ ಉಳಿಯುತ್ತದೆ. ಈ ಕೊನೆಯ ಮಾತು ಕೆಲಿಯವರ ಕೊಡುಗೆಗಳಲ್ಲಿ ಅತಿ ಬೆಲೆಬಾಳುವಂಥದ್ದು. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದವರೆಲ್ಲ ಸುಖವಾಗಿದ್ದರು ಎಂದು ನಂಬುವ ಸಮಾಜಗಳಿಗೆ, ನಮ್ಮದೂ ಸೇರಿ, ಇದು ಕೇಳಲೇಬೇಕಾದ ಮಾತು.

ಆತ್ಮಗೌರವದ ಕಥೆ ಬೇರೆ ದಾರಿಯಿಂದ ಬಂತು. 1890ರಲ್ಲಿ ವಿಲಿಯಮ್ ಜೇಮ್ಸ್ ಅದಕ್ಕೊಂದು ಭಿನ್ನರಾಶಿ ಕೊಟ್ಟಿದ್ದರು: ಸಾಧಿಸಿದ್ದನ್ನು ಬಯಸಿದ್ದರಿಂದ ಭಾಗಿಸಿದರೆ ಬರುವುದೇ ತನ್ನ ಬಗ್ಗೆ ತನಗಿರುವ ಗೌರವ. 1902ರಲ್ಲಿ ಚಾರ್ಲ್ಸ್ ಕೂಲಿ ಇನ್ನೊಂದು ಬದಿಯಿಂದ ನೋಡಿದರು. ಇತರರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೋ ಅದರಿಂದಲೇ ನಮ್ಮ ಚಿತ್ರ ಮೂಡುತ್ತದೆ ಎಂಬುದು ಅವರ ವಾದ. 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ ಹತ್ತು ಪ್ರೌಢಶಾಲೆಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಧ್ಯಯನದಿಂದ ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿ ತಯಾರಿಸಿದರು. ಐದು ವಾಕ್ಯ ತನ್ನನ್ನು ಒಪ್ಪಿಕೊಳ್ಳುವಂಥವು, ಐದು ತನ್ನನ್ನು ಅಲ್ಲಗಳೆಯುವಂಥವು. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಿದರೆ ಸಾಕು, ಎರಡು ನಿಮಿಷದ ಕೆಲಸ. ಜಗತ್ತಿನ ಹತ್ತಾರು ಭಾಷೆಗಳಿಗೆ ಹೋದ ಈ ಪುಟ್ಟ ಪಟ್ಟಿ ಇಂದಿಗೂ ಹಳತಾಗಿಲ್ಲ.

ಅದೇ 1965ರಲ್ಲಿ ಎಲೈನ್ ವಾಲ್‌ಸ್ಟರ್ ಪ್ರೀತಿಗೂ ಆತ್ಮಗೌರವಕ್ಕೂ ನಂಟು ಹುಡುಕಲು ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದ ಪ್ರಯೋಗ ಪ್ರಕಟವಾಯಿತು. ಪರೀಕ್ಷೆಗೆಂದು ಬಂದ ಯುವತಿ ಕಾಯುತ್ತ ಕೂತಿರುವಾಗ ಲಕ್ಷಣವಾದ ಯುವಕನೊಬ್ಬ ಬಂದು ಮಾತಿಗಿಳಿಯುತ್ತಾನೆ, ಒಮ್ಮೆ ಹೊರಗೆ ಹೋಗೋಣವೇ ಎಂದು ಕೇಳುತ್ತಾನೆ. ಆಮೇಲೆ ಅವಳಿಗೆ ವ್ಯಕ್ತಿತ್ವ ಪರೀಕ್ಷೆಯ ‘ಫಲಿತಾಂಶ’ ತೋರಿಸುತ್ತಾರೆ. ಅದು ಸುಳ್ಳು ಫಲಿತಾಂಶ. ಕೆಲವರದ್ದರಲ್ಲಿ ಹೊಗಳಿಕೆ, ಕೆಲವರದ್ದರಲ್ಲಿ ತೆಗಳಿಕೆ. ತೆಗಳಿಕೆ ಓದಿ ಮನಸ್ಸು ಕುಗ್ಗಿದವರಿಗೆ ಆ ಯುವಕ ಹೆಚ್ಚು ಇಷ್ಟವಾಗಿದ್ದ. ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು ನಿಜ, ಆದರೂ ಕೆಲವು ನಿಮಿಷವಾದರೂ ತನ್ನ ಬಗ್ಗೆ ಕೆಟ್ಟದ್ದನ್ನು ನಂಬಿ ಕೂತ ಆ ಹುಡುಗಿಯರ ಪಾಡು ಓದುವವರನ್ನು ಚುಚ್ಚುತ್ತದೆ. ಮರುವರ್ಷ ಅವರದೇ ತಂಡದ ಇನ್ನೊಂದು ವರದಿ ಬಂತು. ಮಿನೆಸೋಟ ವಿಶ್ವವಿದ್ಯಾಲಯದ 752 ಹೊಸ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಜೋಡಿ ಕೂಡಿಸಿದೆ ಎಂದು ಹೇಳಿ ನೃತ್ಯಕೂಟಕ್ಕೆ ಕಳಿಸಿದ್ದರು. ಅಸಲಿಗೆ ಜೋಡಿಗಳನ್ನು ಮನಬಂದಂತೆ ಕೂಡಿಸಲಾಗಿತ್ತು. ಮತ್ತೆ ಭೇಟಿಯಾಗುವ ಆಸೆಯನ್ನು ಸೂಚಿಸಿದ್ದು ಚೆಲುವು ಮಾತ್ರ. ಸ್ವಭಾವ, ಬುದ್ಧಿ ಯಾವುದೂ ಆ ಸಂಜೆಯ ಲೆಕ್ಕಕ್ಕೆ ಬರಲಿಲ್ಲ. ಮೊದಲ ಭೇಟಿಯಲ್ಲಿ ಹುಟ್ಟುವ ಸೆಳೆತಕ್ಕೂ ವರ್ಷಗಟ್ಟಲೆ ಉಳಿಯುವ ನೆಮ್ಮದಿಗೂ ಕಾರಣಗಳು ಬೇರೆ ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತ ಹೋಯಿತು.

1975ರ ಮಾರ್ಚ್‌ನಲ್ಲಿ ಈ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. ವಿಸ್ಕಾನ್ಸಿನ್ ಸೆನೆಟರ್ ವಿಲಿಯಮ್ ಪ್ರಾಕ್ಸ್‌ಮೈರ್ ಸರ್ಕಾರದ ದುಂದುವೆಚ್ಚವನ್ನು ಬಯಲಿಗೆಳೆಯಲು ‘ಚಿನ್ನದ ಉಣ್ಣೆ’ ಎಂಬ ಅಪಹಾಸ್ಯದ ಪ್ರಶಸ್ತಿ ಸ್ಥಾಪಿಸಿದರು. ಅದರ ಮೊದಲ ಗುರಿ ಪ್ರೀತಿಯ ಅಧ್ಯಯನಕ್ಕೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಟ್ಟ 84,000 ಡಾಲರ್ ಅನುದಾನ. ಆ ಅಧ್ಯಯನ ನಡೆಸುತ್ತಿದ್ದ ಮಿನೆಸೋಟದ ಎಲೆನ್ ಬರ್ಷೀಡ್, ಆ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲೇ ಇದ್ದ ವಾಲ್‌ಸ್ಟರ್ ಇಬ್ಬರೂ ಬೈಗುಳದ ಪತ್ರಗಳನ್ನು ಎದುರಿಸಬೇಕಾಯಿತು. ಪ್ರೀತಿ ಏಕೆ ಹುಟ್ಟುತ್ತದೆಂದು ಜನರಿಗೆ ತಿಳಿಯುವುದೇ ಬೇಡ ಎಂದಿದ್ದರು ಸೆನೆಟರ್. ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಜೇಮ್ಸ್ ರೆಸ್ಟನ್ ಸಂಶೋಧಕರ ಪರ ನಿಂತರು. ಸಂಸಾರಗಳು ಒಡೆದು ಮಕ್ಕಳು ನಲುಗುವ ದೇಶದಲ್ಲಿ ಇಂಥ ಅಧ್ಯಯನಕ್ಕೆ ಖರ್ಚು ಮಾಡಿದ ಹಣ ವ್ಯರ್ಥವಲ್ಲ ಎಂಬುದು ಅವರ ನಿಲುವು. ಅವರು ಹೇಳಿದ್ದೇ ಸರಿ ಎಂದು ಕಾಲ ತೋರಿಸಿತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ಪೂರ್ತಿ ತಿರುಗಿತ್ತು. 1985ರಲ್ಲಿ ಡೆನ್ವರ್‌ನ ಒಂದು ದಿನಪತ್ರಿಕೆಯಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಪ್ರೀತಿಯ ಪ್ರಶ್ನಾವಳಿ ಅಚ್ಚು ಹಾಕಿಸಿದರು. ಓದುಗರು ಕತ್ತರಿಸಿ, ತುಂಬಿ, ಅಂಚೆಗೆ ಹಾಕಿದರು. ಮೊದಲ 620 ಉತ್ತರಗಳಲ್ಲಿ ಸುಮಾರು ಶೇ 56 ಮಂದಿ ಹತ್ತಿರವಾಗಲು ಹೆದರದವರು, ಶೇ 25 ದೂರ ಸರಿಯುವವರು, ಶೇ 19 ಬಿಟ್ಟುಹೋದಾರೆಂದು ಸದಾ ಅಳುಕುವವರು. 1986ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರವೇ ಶಾಸಕ ಜಾನ್ ವಾಸ್ಕನ್‌ಸೆಲೊಸ್ ಒತ್ತಾಯದಿಂದ ಆತ್ಮಗೌರವ ಹೆಚ್ಚಿಸಲು ಕಾರ್ಯಪಡೆ ರಚಿಸಿತು. ಅಪರಾಧ, ಮಾದಕ ವ್ಯಸನ, ಮುರಿದ ಮನೆ ಎಲ್ಲಕ್ಕೂ ಇದೇ ಮದ್ದು ಎಂಬ ನಂಬಿಕೆ ಹರಡಿತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಆ ಉಬ್ಬರವನ್ನು ಇಳಿಸಿದರು. ತನ್ನ ಬಗ್ಗೆ ಭಾರೀ ಅಭಿಮಾನ ಇದ್ದ ಮಾತ್ರಕ್ಕೆ ಸಂಬಂಧ ಚೆನ್ನಾಗಿರುತ್ತದೆ, ಬಾಳುತ್ತದೆ ಎನ್ನಲು ಆಧಾರ ಸಾಲದು ಎಂದರು.

ಹಾಗಾದರೆ ಆತ್ಮಗೌರವಕ್ಕೂ ದಾಂಪತ್ಯದ ನೆಮ್ಮದಿಗೂ ನಂಟೇ ಇಲ್ಲವೇ? ಇದೆ. ಆ ನಂಟು ಯಾವ ಗಂಟಿನಲ್ಲಿದೆ ಎಂದು ಬಿಡಿಸಿ ತೋರಿಸಿದವರು ಸಾಂಡ್ರಾ ಮರೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಜಾನ್ ಹೋಮ್ಸ್ ಜೊತೆ ಕೆಲಸ ಆರಂಭಿಸಿ ಮುಂದೆ ಬಫಲೊಗೆ ಹೋದವರು. ಗಂಡ ಹೆಂಡತಿಯನ್ನು ಹೇಗೆ ಕಾಣುತ್ತಾನೆ ಎಂದು ಮಾತ್ರ ಕೇಳದೆ, ಗಂಡ ತನ್ನನ್ನು ಹೇಗೆ ಕಾಣುತ್ತಾನೆಂದು ಹೆಂಡತಿ ಭಾವಿಸಿದ್ದಾಳೆ ಎಂದೂ ಅವರು ಕೇಳಿದರು. ಗಂಡಸರಿಗೂ ಹಾಗೆಯೇ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟಾಗ ಕೀಳರಿಮೆ ಇರುವವರಲ್ಲಿ ಒಂದು ದೊಡ್ಡ ಅಂತರ ಕಂಡಿತು. ಸಂಗಾತಿ ಅವರನ್ನು ಮೆಚ್ಚಿದ್ದ, ಆದರೆ ಅವರಿಗೆ ಅದು ಕಾಣುತ್ತಿರಲಿಲ್ಲ. ತಾವು ತಮ್ಮನ್ನು ನೋಡಿಕೊಳ್ಳುವ ಹಾಗೆಯೇ ಸಂಗಾತಿಯೂ ನೋಡುತ್ತಾನೆ ಎಂದುಕೊಂಡಿದ್ದರು.

2002ರಲ್ಲಿ ಪ್ರಕಟವಾದ ಅವರ ತಂಡದ ಒಂದು ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೋಡಿಯನ್ನು ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೇಜಿಗೆ ಕೂರಿಸುತ್ತಾರೆ. ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದೀರಿ ಎಂದು ನಂಬಿಸುತ್ತಾರೆ. ಒಬ್ಬರ ಹಾಳೆಯಲ್ಲಿರುವ ಪ್ರಶ್ನೆ: ನಿಮ್ಮ ಸಂಗಾತಿಯಲ್ಲಿ ನಿಮಗೆ ಹಿಡಿಸದ್ದು ಏನು, ಬರೆಯಿರಿ. ಇನ್ನೊಬ್ಬರ ಹಾಳೆಯಲ್ಲಿ ಮಾತ್ರ ಗುಟ್ಟಾಗಿ ಬೇರೆಯೇ ಸೂಚನೆ: ನಿಮ್ಮ ಮನೆಯಲ್ಲಿರುವ ಸಾಮಾನುಗಳನ್ನು ಪಟ್ಟಿ ಮಾಡಿ, ಕನಿಷ್ಠ 25 ಇರಲಿ. ಮೊದಲನೆಯವರು ಒಂದೋ ಎರಡೋ ದೋಷ ಬರೆದು ಪೆನ್ನು ಕೆಳಗಿಡುತ್ತಾರೆ. ಪಕ್ಕದ ಮೇಜಿನಿಂದ ಮಾತ್ರ ಬರೆಯುವ ಸದ್ದು ನಿಲ್ಲುವುದೇ ಇಲ್ಲ. ಅಲ್ಲಿ ಮಂಚ, ಕುರ್ಚಿ, ದೀಪ ಎಂದು ಪಟ್ಟಿ ಬೆಳೆಯುತ್ತಿದೆ. ಇಲ್ಲಿ ಕೂತವರಿಗೆ ಅದು ತಮ್ಮ ತಪ್ಪುಗಳ ಪಟ್ಟಿ.

ತಮ್ಮ ಬಗ್ಗೆ ಗೌರವವಿದ್ದವರು ಈ ಕ್ಷಣವನ್ನು ದಾಟಿದರು. ಕೀಳರಿಮೆ ಇದ್ದವರು ಸಂಗಾತಿಗೆ ತಾವು ಬೇಡವಾಗಿದ್ದೇವೆ ಎಂದುಕೊಂಡರು. ಅಲ್ಲಿಗೇ ನಿಲ್ಲಲೂ ಇಲ್ಲ. ಪ್ರಶ್ನಾವಳಿಯ ಮುಂದಿನ ಪುಟಗಳಲ್ಲಿ ಸಂಗಾತಿಯನ್ನೇ ಮೊದಲಿಗಿಂತ ಕೆಳಗಿಳಿಸಿ ಅಂಕ ಹಾಕಿದರು, ಹತ್ತಿರದ ಭಾವವನ್ನೂ ಕಡಿಮೆ ತೋರಿದರು. ನೋವಾಗುವ ಮೊದಲೇ ಸರಿದು ಕೂರುವ ಈ ನಡೆ ನಿತ್ಯದ ಬದುಕಿನಲ್ಲಿ ನೂರು ಸಲ ಮರುಕಳಿಸಿದರೆ ಏನಾಗುತ್ತದೆ ಎಂಬುದನ್ನು ಮರೆಯವರ ತಂಡ ದಿನಚರಿ ಬರೆಸಿ ನೋಡಿತು. ಕಾರಣವಿಲ್ಲದ ಅನುಮಾನಕ್ಕೆ ಸಿಲುಕಿದ ಸಂಗಾತಿ ನಿಜವಾಗಿಯೂ ಬೇಸತ್ತುಕೊಳ್ಳುತ್ತ ಹೋಗುತ್ತಾನೆ. ಹೆದರಿದ್ದೇ ಎದುರಾಗುತ್ತದೆ. ಟರ್ಮನ್ 1938ರಲ್ಲಿ ಕಂಡೂ ಕಾಣದಂತೆ ಬರೆದುಹೋದ ‘ಇತರರು ನನ್ನನ್ನು ಒಳ್ಳೆಯ ಮನಸ್ಸಿನಿಂದ ಕಾಣುತ್ತಾರೆ ಎಂಬ ನಿರೀಕ್ಷೆ’ ಇಲ್ಲಿ ತಲೆತಗ್ಗಿಸುವ ಪಾಠದಿಂದ ಬಿಡುಗಡೆಯಾಗಿ ತನ್ನ ಕಾಲ ಮೇಲೆ ನಿಂತಿತು. ಗಂಡಸಿಗೂ ಹೆಂಗಸಿಗೂ ಅದು ಒಂದೇ.

ಮದ್ದೇನೂ ಇಲ್ಲವೆಂದಲ್ಲ. 2007ರಲ್ಲಿ ವಾಟರ್ಲೂವಿನ ಡೆನಿಸ್ ಮ್ಯಾರಿಗೋಲ್ಡ್ ಮತ್ತು ಸಂಗಡಿಗರು ಕೀಳರಿಮೆಯವರಿಗೆ ಸಂಗಾತಿ ಎಂದೋ ಆಡಿದ ಒಂದು ಮೆಚ್ಚುಗೆಯ ಮಾತನ್ನು ನೆನಪಿಸಿಕೊಳ್ಳಲು ಹೇಳಿದರು. ಬರೀ ನೆನೆದವರಲ್ಲಿ ಏನೂ ಬದಲಾಗಲಿಲ್ಲ. ಆ ಮಾತಿನ ಅರ್ಥವೇನು, ತಮ್ಮ ಸಂಬಂಧಕ್ಕೆ ಅದರ ಮಹತ್ವವೇನು ಎಂದು ಬಿಡಿಸಿ ಬರೆದವರಲ್ಲಿ ಭರವಸೆ ಏರಿತು. ಎರಡು ವಾರದ ಮೇಲೆ ವಿಚಾರಿಸಿದಾಗಲೂ ಅದು ಉಳಿದಿತ್ತು.

ಈ ನಡುವೆ ‘ಯಾರಿಗೆ ಯಾರು ಸರಿಜೋಡಿ’ ಎಂಬ ಹಳೆಯ ಪ್ರಶ್ನೆ ವ್ಯಾಪಾರವಾಗಿ ಬೆಳೆದಿತ್ತು. 1965ರಲ್ಲೇ ಹಾರ್ವರ್ಡ್‌ನ ವಿದ್ಯಾರ್ಥಿಗಳು ಮೂರು ಡಾಲರ್ ಪಡೆದು ಕಂಪ್ಯೂಟರ್‌ನಲ್ಲಿ ಜೋಡಿ ಹುಡುಕಿಕೊಡುತ್ತಿದ್ದರು. 2000ದಲ್ಲಿ ಮನಶ್ಶಾಸ್ತ್ರಜ್ಞ ನೀಲ್ ಕ್ಲಾರ್ಕ್ ವಾರೆನ್ ಶುರುಮಾಡಿದ ಇಹಾರ್ಮನಿ ಸ್ವಭಾವದ ಹೊಂದಾಣಿಕೆಯನ್ನೇ ತನ್ನ ಬಂಡವಾಳ ಮಾಡಿಕೊಂಡಿತು. ಇದೇ ಕಾಲದಲ್ಲಿ ಸಂಶೋಧಕರ ಲೆಕ್ಕ ಬೇರೆ ಕಡೆ ಸಾಗುತ್ತಿತ್ತು. 1995ರಲ್ಲಿ ಬೆಂಜಮಿನ್ ಕಾರ್ನಿ ಮತ್ತು ಥಾಮಸ್ ಬ್ರಾಡ್‌ಬರಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ 115 ಅಧ್ಯಯನಗಳನ್ನು, 45,000ಕ್ಕೂ ಹೆಚ್ಚು ಮದುವೆಗಳನ್ನು ಒಟ್ಟಿಗೆ ಪರಿಶೀಲಿಸಿ, ತಳಮಳದ ಸ್ವಭಾವದ ಪ್ರಭಾವ ನಿಜ ಎಂದು ದೃಢಪಡಿಸಿದರು. ಆದರೆ ಸ್ವಭಾವವೊಂದೇ ಹಣೆಬರಹವಲ್ಲ, ಹೊರಗಿನ ಕಷ್ಟ ಮತ್ತು ಕಷ್ಟ ಬಂದಾಗ ಇಬ್ಬರೂ ನಡೆದುಕೊಳ್ಳುವ ರೀತಿ ಸೇರಿಯೇ ಫಲ ಎಂದೂ ಹೇಳಿದರು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ, ಸಂಗಾತಿ ಬದಲಾದರೂ ಅತೃಪ್ತಿ ಜೊತೆಗೇ ಬರುವುದುಂಟು ಎಂದು ತೋರಿಸಿತು. 2010ರಲ್ಲಿ ಆಸ್ಟ್ರೇಲಿಯ, ಬ್ರಿಟನ್, ಜರ್ಮನಿಗಳ 11 ಸಾವಿರಕ್ಕೂ ಹೆಚ್ಚು ಜೋಡಿಗಳ ಲೆಕ್ಕ ಬಂತು. ಸಂಬಂಧದ ತೃಪ್ತಿಯಲ್ಲಿ ಕಾಣುವ ಏರುಪೇರಿಗೆ ತನ್ನದೇ ಸ್ವಭಾವ ಸುಮಾರು ಶೇ 6ರಷ್ಟು ಕಾರಣ, ಸಂಗಾತಿಯ ಸ್ವಭಾವ ಶೇ 1ರಿಂದ 3. ಇಬ್ಬರ ಸ್ವಭಾವ ಒಂದೇ ತೆರನಾಗಿರುವುದರ ಪಾಲು ಅರ್ಧ ಶೇಕಡಾಕ್ಕಿಂತ ಕಡಿಮೆ.

ಭಾರತದಲ್ಲಿ ಈ ವಿಚಾರಕ್ಕೆ ಕೈಹಾಕಿದವರ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು: ಹಿರಿಯರು ಕೂಡಿಸಿದ ಮದುವೆಯೋ, ಮೆಚ್ಚಿ ಆದ ಮದುವೆಯೋ? 1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಜೈಪುರದ 50 ದಂಪತಿಗಳನ್ನು ಅಳೆದು, ಮೆಚ್ಚಿ ಮದುವೆಯಾದವರಲ್ಲಿ ಪ್ರೀತಿ ಐದು ವರ್ಷದ ನಂತರ ಇಳಿಮುಖ, ಹಿರಿಯರು ಕೂಡಿಸಿದ ಕಡೆ ಏರುಮುಖ ಎಂದು ವರದಿ ಮಾಡಿದರು. ಜಗತ್ತಿನಾದ್ಯಂತ ಭಾಷಣಗಳಲ್ಲಿ, ಪತ್ರಿಕೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬಂದಿದೆ. ಆದರೆ ಬೇರೆ ಬೇರೆ ವಯಸ್ಸಿನ ಐವತ್ತು ಜೋಡಿಗಳನ್ನು ಒಂದೇ ಸಲ ನೋಡಿ, ಕಾಲದೊಂದಿಗೆ ಆಗುವ ಬದಲಾವಣೆಯನ್ನು ಹೇಳುವುದು ಕಷ್ಟ. ಕೆಲಿ ನಲವತ್ತೈದು ವರ್ಷ ಕಾದದ್ದು ಅದಕ್ಕೇ. 2012ರಲ್ಲಿ ಅಮೆರಿಕದಲ್ಲಿ ನೆಲೆಸಿದ 58 ಭಾರತೀಯರ ಅಧ್ಯಯನದಲ್ಲಿ ಎರಡು ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

2020ರಲ್ಲಿ ಸಮಂತಾ ಜೋಯೆಲ್ ಮತ್ತು ಪಾಲ್ ಈಸ್ಟ್‌ವಿಕ್ ನೇತೃತ್ವದಲ್ಲಿ ಸಂಶೋಧಕರ ದೊಡ್ಡ ಬಳಗವೊಂದು 29 ಪ್ರಯೋಗಾಲಯಗಳ 43 ದತ್ತಾಂಶಗಳನ್ನು, 11,196 ಜೋಡಿಗಳ ಉತ್ತರಗಳನ್ನು ಕಂಪ್ಯೂಟರಿಗೆ ಕೊಟ್ಟು ತೃಪ್ತಿಯ ಗುಟ್ಟು ಹುಡುಕಲು ಬಿಟ್ಟಿತು. ವ್ಯಕ್ತಿಯ ಗುಣಗಳಿಂದ, ಅಂದರೆ ಬದುಕಿನ ಬಗ್ಗೆ ತೃಪ್ತಿ, ಖಿನ್ನತೆ, ಅಳುಕು ಮುಂತಾದವುಗಳಿಂದ, ಆಗಿನ ಸಂಬಂಧತೃಪ್ತಿಯ ಏರುಪೇರನ್ನು ಹೆಚ್ಚೆಂದರೆ ಶೇ 21ರಷ್ಟು ವಿವರಿಸಲಾಯಿತು. ಸಂಬಂಧದ ಬಗ್ಗೆ ಕೇಳಿದ ಪ್ರಶ್ನೆಗಳಿಂದ ಶೇ 45ರವರೆಗೆ. ಆ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ‘ಸಂಗಾತಿ ಈ ಸಂಬಂಧಕ್ಕೆ ಎಷ್ಟು ಬದ್ಧರೆಂದು ನಿಮಗನ್ನಿಸುತ್ತದೆ’ ಎಂಬುದು. ಸಂಗಾತಿ ಸ್ವತಃ ತುಂಬಿಕೊಟ್ಟ ಹಾಳೆಯನ್ನು ಜೊತೆಗೆ ಸೇರಿಸಿದರೂ ಊಹೆ ಹೆಚ್ಚೇನೂ ಸುಧಾರಿಸಲಿಲ್ಲ. ಇನ್ನು ಯಾವ ಜೋಡಿಯ ತೃಪ್ತಿ ಮುಂದೆ ಏರುತ್ತದೆ, ಯಾವುದರದು ಇಳಿಯುತ್ತದೆ ಎಂಬುದನ್ನು ಯಾವ ಪ್ರಶ್ನೆಯ ಉತ್ತರದಿಂದಲೂ ಕಂಪ್ಯೂಟರಿಗೆ ಹೇಳಲಾಗಲಿಲ್ಲ.